ನೀರುಗಂಟಿಯ ಮನೆಯ ಮಳೆಹೂ

ನನ್ನ ಗಂಡ ಲಿಂಗಯ್ಯನವರಿಗೆ ಲೋಕದ ಎಲ್ಲ ಕಾಯಿಲೆಗೂ ಒಂದೇ ಮದ್ದು, ನೀರು. ತಲೆನೋವು ಅಂದರೆ ತಲೆಗೆ ನೀರು ಹಾಕು, ಮಗು ಅತ್ತರೆ ನೀರು ಕುಡಿಸು, ಯಾರಾದರೂ ಜಗಳವಾಡಿದರೆ ಇಬ್ಬರಿಗೂ ಒಂದೊಂದು ಚೆಂಬು ಕೊಡು. ಮೂವತ್ತೆಂಟು ವರ್ಷ ಊರಿನ ನೀರುಗಂಟಿಯಾಗಿದ್ದವರ ಬಾಯಲ್ಲಿ ಬೇರೆ ಮಾತು ಹೇಗೆ ಬಂದೀತು? ನಾಲೆಯ ತೂಬು ಎತ್ತಿ, ಯಾರ ಗದ್ದೆಗೆ ಯಾವ ಹೊತ್ತಿಗೆ ಎಷ್ಟು ಎಂದು ನೋಡಿ ನೀರು ಬಿಡುವ ಕೆಲಸ ಅದು. ಅವರಪ್ಪನೂ ಅದನ್ನೇ ಮಾಡಿದವರು. ನಮ್ಮ ಕೇರಿಯ ಪಾಲಿಗೆ ಬಂದ ಕೆಲಸ. ಗದ್ದೆ ಊರವರದು, ನೀರು ನಾಲೆಯದು, ಕೆಸರು ಮಾತ್ರ ನಮ್ಮದು ಎಂದು ನಾನು ರೇಗಿಸುತ್ತಿದ್ದೆ. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ತಮ್ಮ ಕಾಲದಲ್ಲಿ ಕೊನೆ ಗದ್ದೆಯೂ ಒಣಗಲಿಲ್ಲ ಅನ್ನುವುದೊಂದೇ ಅವರ ಹೆಚ್ಚುಗಾರಿಕೆ. ಅದನ್ನು ಮದುವೆ ಮನೆಯಲ್ಲೂ ಹೇಳುತ್ತಾರೆ, ಸಾವಿನ ಮನೆಯಲ್ಲೂ ಹೇಳುತ್ತಾರೆ.

ನಾನು ಪಟ್ಟಲಮ್ಮ. ಅಂಗನವಾಡಿ ಟೀಚರಾಗಿದ್ದು ನಿವೃತ್ತಿಯಾದವಳು. ಬರೆಯುವಾಗ ಗಂಡನಿಗೆ ಬಹುವಚನ ಕೊಡುತ್ತಿದ್ದೇನೆ, ಮನೆಯಲ್ಲಿ ಏಕವಚನವೇ. ಮದ್ದೂರಿಗೆ ಹತ್ತು ನಿಮಿಷದ ಬಸ್ಸು ನಮ್ಮೂರಿನಿಂದ. ಸುತ್ತ ಕಬ್ಬು, ಭತ್ತ, ತೆಂಗು. ನಾಲೆ ಪಕ್ಕದ ಜನ ನಾವು, ನಮಗೆ ಸ್ವಲ್ಪ ಜಂಬ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ತಪ್ಪೆಲ್ಲ ಅಲ್ಲಿಂದಲೇ ಶುರುವಾಯಿತು.

ನಮ್ಮ ಸೊಸೆ ಮಂಜುಶ್ರೀ ಮಳವಳ್ಳಿ ತಾಲ್ಲೂಕಿನ ಹುಡುಗಿ. ಮಳವಳ್ಳಿ ಅಂದರೆ ಅದೇ ತಾಲ್ಲೂಕಿನ ಬೆಳಕವಾಡಿಯ ಹಾಗೆ ನೀರಿರುವ ಕಡೆಯಲ್ಲ, ಹಲಗೂರು ದಾಟಿ ಕಾಡಿನಂಚಿಗೆ ಹೋಗಬೇಕು. ಕಲ್ಲುಪುಡಿ ಬೆರೆತ ಗರಸು ನೆಲ, ಮಳೆ ಬಂದರೆ ರಾಗಿ, ಹುರುಳಿ. ಮಂಡ್ಯದಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಕೆಲಸ ಅವಳಿಗೆ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಸಂಜೆ ಆರಕ್ಕೆ ಬರುತ್ತಾಳೆ. ಮಾತು ಕಡಿಮೆ, ಆಡಿದ ಮಾತು ನೇರ. ನನ್ನ ಮಗ ಸಿದ್ದೇಶ ಲೈನ್‌ಮ್ಯಾನ್, ಅವನದು ಮಾತು ಜಾಸ್ತಿ. ಜೋಡಿ ಸರಿಯಾಗಿತ್ತು.

ಅವಳ ತಾಯಿ ಪುಟ್ಟಮಾದಮ್ಮ ಮದುವೆಗೆ ಒಂದು ವರ್ಷ ಮುಂಚೆ ತೀರಿಕೊಂಡಿದ್ದರು. ಅವರ ಊರಿನಲ್ಲಿ ನಮ್ಮ ಜನಕ್ಕೆ ಗೋಮಾಳದ ಒಂದು ಮೂಲೆಯೇ ಮಣ್ಣು ಮಾಡುವ ಜಾಗ. ಕಲ್ಲು ನಿಲ್ಲಿಸುವ ಶಕ್ತಿ ಯಾರಿಗಿತ್ತು? ಅದಕ್ಕೆ ಅಲ್ಲಿನವರು ಒಂದು ರೂಢಿ ಮಾಡಿಕೊಂಡಿದ್ದಾರೆ. ಸತ್ತ ಮೂರನೇ ದಿನ ಹಾಲು ತುಪ್ಪ ಬಿಟ್ಟಾಗ, ಮಣ್ಣು ಮಾಡಿದ ಗುಡ್ಡೆಯ ತಲೆಯ ಕಡೆಗೆ ಒಂದು ಮಳೆಹೂವಿನ ಗಡ್ಡೆ ನೆಡುತ್ತಾರೆ. ಆ ಹುಲ್ಲುಗಾವಲಿನಲ್ಲೇ ತಾನಾಗಿ ಬೆಳೆಯುವ ಗಡ್ಡೆ ಅದು, ನೋಡಲು ಈರುಳ್ಳಿಯ ಹಾಗೆ. ಮೇಕೆ ಬಾಯಿ ಹಾಕುವುದಿಲ್ಲ, ಬೇಸಗೆಗೆ ಸಾಯುವುದಿಲ್ಲ, ಯಾರೂ ನೀರು ಹೊತ್ತು ಹೋಗಬೇಕಾಗಿಲ್ಲ. ಯುಗಾದಿ ಕಳೆದು ಮೊದಲ ಮಳೆ ಬಿದ್ದ ಮೂರನೇ ದಿನ ಬರಿಯ ದಂಟೊಂದು ಎದ್ದು, ತುದಿಯಲ್ಲಿ ಬೆಳ್ಳಗೆ ಹೂ ಅರಳುತ್ತದಂತೆ. ಸಂಜೆ ಹೊತ್ತು ಇಡೀ ಗೋಮಾಳ ಘಮ್ಮೆನ್ನುತ್ತದಂತೆ. ಮಕ್ಕಳು ಅದನ್ನು ನೋಡಿ, ಇಲ್ಲಿ ನಮ್ಮವ್ವ, ಅಲ್ಲಿ ನಿಮ್ಮಜ್ಜಿ ಎಂದು ಗುರುತು ಹಿಡಿಯುತ್ತಾರೆ.

ಹೋದ ವರ್ಷ ಮಾಳಯ ಅಮಾವಾಸ್ಯೆಗೆ ಎಡೆ ತೆಗೆದುಕೊಂಡು ತವರಿಗೆ ಹೋದ ಮಂಜುಶ್ರೀಗೆ ಅಲ್ಲಿ ಗುಡ್ಡೆಯೂ ಸಿಗಲಿಲ್ಲ, ಗುರುತೂ ಸಿಗಲಿಲ್ಲ. ಯಾರೋ ಜೆಸಿಬಿ ತಂದು ಆ ಮೂಲೆಯನ್ನೆಲ್ಲ ಮಟ್ಟ ಮಾಡಿ ತಂತಿ ಬೇಲಿ ಎಳೆದಿದ್ದರು. ಅವಳ ಅಣ್ಣ ರಾಜೇಂದ್ರ ಅರ್ಜಿ ಹಿಡಿದು ಓಡಾಡುತ್ತಿದ್ದ, ಈಗಲೂ ಓಡಾಡುತ್ತಿದ್ದಾನೆ. ಮಂಜುಶ್ರೀ ಬೇಲಿಯ ಹೊರಗೆ ಬಳಿದು ಹಾಕಿದ್ದ ಮಣ್ಣಿನ ರಾಶಿಯನ್ನು ಕೈಯಲ್ಲೇ ಕೆದಕಿ, ಒಂದೇ ಒಂದು ಗಡ್ಡೆಯನ್ನು ತಂದಳು. ಜೊತೆಗೆ ಒಂದು ಚೀಲ ಗರಸು ಮಣ್ಣು. ಅವಳ ಉಗುರುಗಳ ಸಂದಿನಲ್ಲಿ ಕೆಂಪು ಮಣ್ಣು ಎರಡು ದಿನ ಹಾಗೇ ಇತ್ತು.

"ಯಾರವ್ವನ ತಲೆತಾವ್ಲದ್ದೋ ಗೊತ್ತಿಲ್ಲ ಅತ್ತೆ," ಅಂದಳು. "ಅಲ್ಲಿ ಮಲಗಿದ್ದೋರೆಲ್ಲ ಯಾರ್ಗೋ ಒಬ್ರಿಗೆ ಅವ್ವಂದಿರೇ. ನಮ್ಮವ್ವಂದೇ ಅಂತ ತಂದೀನಿ."

ನಾನು ಒಳಗೆ ಹೋಗಿ ಕಾಫಿ ಮಾಡಿ ತಂದುಕೊಟ್ಟೆ.

ಹಿತ್ತಲಿನ ಗೋಡೆ ಪಕ್ಕ ಬಿಸಿಲು ಬೀಳುವ ಕಡೆ ಗುಂಡಿ ತೋಡಿ, ತಾನು ತಂದ ಗರಸನ್ನೇ ತುಂಬಿ ನೆಟ್ಟಳು. ಕೈ ತೊಳೆದುಕೊಂಡು ಬಂದು ಮಾವನ ಎದುರು ನಿಂತಳು.

"ಮಾವ, ಇದುಕ್ಕೆ ನೀರು ಆಕ್ಬ್ಯಾಡಿ ಕಣಿ. ಮೊದ್ಲ ಮಳೆ ಬಿದ್ದಾಗ ಅದೇ ಎದ್ದು ಬತ್ತದೆ."

"ನೀರೇ ಬ್ಯಾಡ್ವಾ? ಅದ್ಯಾವ ಗಿಡನವ್ವ ಅದು?"

"ಬ್ಯಾಸ್ಗೇಲಿ ಮಲಗಿರ್ತದೆ. ಎಬ್ಬುಸ್ಬಾರ್ದು."

ಅವರು ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ನನಗೆ ಚೆನ್ನಾಗಿ ಗೊತ್ತು. ತೂಬಿನ ಹತ್ತಿರ ನಿಂತು ಮೊದಲು ತನಗೇ ನೀರು ಬೇಕೆಂದು ಕೂಗಾಡುವ ದೊಡ್ಡ ಹಿಡುವಳಿದಾರರ ಎದುರೂ ಹೀಗೇ ತಲೆಯಾಡಿಸಿ, ಆಮೇಲೆ ತಮಗೆ ಸರಿ ಕಂಡದ್ದನ್ನೇ ಮಾಡುತ್ತಿದ್ದರು.

ದೀಪಾವಳಿ ಕಳೆಯಿತು. ಉಳಿದಿದ್ದ ಎರಡು ಎಲೆ ಹಳದಿಯಾಗಿ ನೆಲಕ್ಕೆ ಒರಗಿದವು. ಕಾರ್ತಿಕ ಮುಗಿಯುವ ಹೊತ್ತಿಗೆ ಅಲ್ಲಿ ಗಿಡವಿತ್ತು ಅನ್ನುವುದಕ್ಕೆ ಸುತ್ತ ಇಟ್ಟಿದ್ದ ನಾಲ್ಕು ಕಲ್ಲು ಬಿಟ್ಟರೆ ಬೇರೆ ಸಾಕ್ಷಿಯಿರಲಿಲ್ಲ. ನಮ್ಮವರಿಗೆ ಊಟ ಸೇರದಾಯಿತು. ಒಣಗಿದ ಗದ್ದೆಯನ್ನು ನೋಡಿದ ಹಾಗೆ ಆ ಜಾಗವನ್ನು ನೋಡುವುದು, ನಿಟ್ಟುಸಿರು ಬಿಡುವುದು. ಒಂದು ಬೆಳಿಗ್ಗೆ ನಾನು ಒಲೆ ಹಚ್ಚುವ ಹೊತ್ತಿಗೆ ಕಿಟಕಿಯಿಂದ ನೋಡುತ್ತೇನೆ, ಮುಖ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋದವರು ಅತ್ತ ಇತ್ತ ನೋಡಿ ಒಂದು ಚೆಂಬು ನೀರನ್ನು ಕಲ್ಲುಗಳ ನಡುವೆ ಬಿಟ್ಟರು. ಬಿಡುವುದರಲ್ಲೂ ಒಂದು ನಾಜೂಕು, ಮಣ್ಣು ಕೊಚ್ಚಿಹೋಗದ ಹಾಗೆ ಅಂಗೈ ಅಡ್ಡ ಹಿಡಿದು. ಅವತ್ತಿನಿಂದ ದಿನಾ ಅದೇ.

ನಾನು ತಡೆಯಬೇಕಿತ್ತು. ತಡೆಯಲಿಲ್ಲ. ನಕ್ಕು ಸುಮ್ಮನಾದೆ. ಇನ್ನೂ ಹೇಳುತ್ತೇನೆ ಕೇಳಿ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಒಣ ಸೀಮೆಯಿಂದ ಬಂದ ಹುಡುಗಿ, ನೀರು ಕಾಣದ ಜನ, ಗಿಡ ಬೆಳೆಸುವುದು ಇವಳಿಗೇನು ಗೊತ್ತು ಎಂದು ನನ್ನ ಮನಸ್ಸಿನಲ್ಲೂ ಇತ್ತು. ದಿನಾ ಮಧ್ಯಾಹ್ನ ಅಕ್ಕಿ ತೊಳೆದ ಅಕ್ಕಚ್ಚನ್ನು ಕರಿಬೇವಿನ ಬುಡಕ್ಕೆ ಹಾಕುತ್ತಿದ್ದವಳು, ಅದನ್ನು ಆ ನಾಲ್ಕು ಕಲ್ಲುಗಳ ನಡುವೆ ಹಾಕತೊಡಗಿದೆ. ಅಕ್ಕಚ್ಚಿಗೆ ಚಿಗುರದ ಗಿಡ ನಾನು ನೋಡಿರಲಿಲ್ಲ. ತಾಯಿಯಿಲ್ಲದ ಹುಡುಗಿ, ಅವಳ ಹೂ ನಾಲ್ಕು ಹೆಚ್ಚಾಗಿ ಅರಳಲಿ ಎಂಬ ಆಸೆ. ಗಂಡನಿಗೆ ಹೇಳಲಿಲ್ಲ, ಅವರೂ ನನಗೆ ಹೇಳಲಿಲ್ಲ. ಹೀಗೆ ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ಕದ್ದು ಕದ್ದು ಪ್ರೀತಿ ಮಾಡಿದೆವು.

ಯುಗಾದಿ ಆಯಿತು. ಮಂಜುಶ್ರೀ ಆಕಾಶ ನೋಡಲು ಶುರು ಮಾಡಿದಳು. ಗುಡ್ಡೆಯಿಲ್ಲದ ಮೇಲೆ ಹೂವಿನ ಮುಂದೆಯೇ ಅವ್ವನಿಗೆ ಎಡೆ ಇಡುವುದು ಎಂದು ಅಣ್ಣ ತಂಗಿ ಮಾತಾಡಿಕೊಂಡಿದ್ದರು. ಹೂ ಬಿಟ್ಟ ದಿನ ರಾಜೇಂದ್ರ ಬರುತ್ತಾನೆ, ಇವಳು ರಜೆ ಹಾಕುತ್ತಾಳೆ. ನಾನೂ ಮನಸ್ಸಿನಲ್ಲೇ ಒಬ್ಬಟ್ಟಿಗೆ ಬೇಳೆ ಎಷ್ಟು ಬೇಕು ಎಂದು ಲೆಕ್ಕ ಹಾಕಿದ್ದೆ.

ಅಶ್ವಿನಿ ಮಳೆ ಒಂದು ಸಂಜೆ ಚೆನ್ನಾಗಿ ಹೊಡೆಯಿತು. ಮಂಜುಶ್ರೀ ಬಸ್ಸಿಳಿದು ನೆನೆದುಕೊಂಡೇ ಬಂದು, ಚೀಲ ಇಡದೆ ಹಿತ್ತಲಿಗೆ ಹೋಗಿ ನಿಂತಳು. ಮೂರನೇ ದಿನ ಏನೂ ಇಲ್ಲ. ಐದನೇ ದಿನವೂ ಇಲ್ಲ. ತವರಿಗೆ ಫೋನು ಮಾಡಿದರೆ ಅಲ್ಲಿ ಬೇಲಿಯ ಹೊರಗೆ ಒಂದೆರಡು ಆಗಲೇ ಬಾಡುತ್ತಿವೆ ಅಂದರಂತೆ. ಎಂಟನೇ ದಿನ ಅವಳು ಟಿಫನ್ ಚೀಲ ತೊಡೆಯ ಮೇಲಿಟ್ಟುಕೊಂಡು ಆ ಕಲ್ಲುಗಳ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು, ಎಂಟರ ಬಸ್ಸು ತಪ್ಪಿತು.

"ಜಾಗ ಬದ್ಲಾಗಿದ್ದುಕ್ಕೆ ಮುನುಸ್ಕೊಂಡಿರ್ಬೇಕು. ಮುಂದ್ಲ ವರ್ಸ ಬತ್ತದೆ ಬುಡಿ ಅತ್ತೆ," ಅಂದಳು. ಅವಳು ನನ್ನನ್ನು ಸಮಾಧಾನ ಮಾಡುತ್ತಿದ್ದಳು!

ಅವಳು ಮುಂದಿನ ಬಸ್ಸಿಗೆ ಹೋದ ಮೇಲೆ ನಮ್ಮವರು ಕುಡುಗೋಲಿನ ತುದಿಯಿಂದ ಮಣ್ಣು ಬಿಡಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಕೊಳೆತ ಈರುಳ್ಳಿಯ ನಾತ ಮೂಗಿಗೆ ಬಡಿಯಿತು. ಅವರ ಬೆರಳು ಗಡ್ಡೆಯೊಳಗೆ ಹಾಗೇ ಇಳಿದುಹೋಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಮೂವತ್ತೆಂಟು ವರ್ಸ ಒಂದು ಗದ್ದೇನೂ ಒಣಗುಸ್ಲಿಲ್ಲ ಕಣೆ," ಅಂದರು. "ಈಗ ನೀರು ಬುಟ್ಟೇ ಸಾಯಿಸ್ಬುಟ್ಟೆ."

ಆಗ ನಾನು ಬಾಯಿ ಬಿಡಬೇಕಿತ್ತು. ಅರ್ಧ ಪಾಪ ನನ್ನದು ಎಂದು ಹೇಳಬೇಕಿತ್ತು. ಅದರ ಬದಲು ನನ್ನ ಬುದ್ಧಿ ಬೇರೆ ಕಡೆ ಓಡಿತು. ಮದ್ದೂರಿನ ನರ್ಸರಿಯೊಂದರಲ್ಲಿ ಇಂಥದೇ ಬಿಳಿ ಹೂವಿನ ಗಡ್ಡೆಗಳನ್ನು ಕುಂಡದಲ್ಲಿ ಇಟ್ಟಿದ್ದನ್ನು ನೋಡಿದ್ದೆ.

"ಎದ್ದೇಳು. ಓಗಿ ಒಂದು ತಂದು ನೆಟ್ಬುಡಾವ. ಮೊಗ್ಗಿರೋದೇ ತಕ್ಕೋ. ಅವ್ಳಿಗೆಲ್ಲಿ ಗೊತ್ತಾಯ್ತದೆ?"

ಅವರು ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ.

"ಕೊನೆ ಗದ್ದೆಯೋನಿಗೆ ನೀರು ಬುಡ್ದೇನೆ, ಬುಟ್ಟಿವ್ನಿ ಅಂತ ಯಾವತ್ತಾರ ಸುಳ್ಳೇಳಿದ್ದೀನಾ ನಾನು? ಅವ್ಳು ಅವ್ವ ಅಂತ ಕೈ ಮುಗೀತಾಳೆ ಕಣೆ ಅದುಕ್ಕೆ. ನರ್ಸರಿ ಊವಿಗೆ ಕೈ ಮುಗುಸ್ಲಾ?"

ಅವತ್ತು ಸಂಜೆ ಐದಕ್ಕೇ ಹೋಗಿ ಬಸ್‌ಸ್ಟಾಪಿನಲ್ಲಿ ಕೂತರು. ಕೊಳೆತ ಗಡ್ಡೆಯನ್ನು ಹೆಗಲ ಮೇಲಿನ ಟವಲಿನಲ್ಲಿ ಸುತ್ತಿ ಹಿಡಿದಿದ್ದರು. ನಾನು ಸ್ವಲ್ಪ ದೂರದಲ್ಲಿ ನಿಂತೆ. ಮಂಜುಶ್ರೀ ಬಸ್ಸಿಳಿಯುತ್ತಿದ್ದ ಹಾಗೆ ಇವರು ಎದ್ದು ಟವಲು ಬಿಚ್ಚಿ ಹಿಡಿದರು.

"ಮಂಜವ್ವ, ನಾನು ನೀರು ಬುಟ್ಟೆ ಕಣವ್ವ. ನೀನು ಬ್ಯಾಡ ಅಂದ್ರೂ ದಿನಾ ಬುಟ್ಟೆ. ಒಣಗೋಯ್ತದೆ ಅಂತ ಜೀವ ತಡೀಲಿಲ್ಲ. ಕೊಳ್ತೋಯ್ತು."

ಬಸ್ಸಿಳಿದ ಜನ ನಿಂತು ನೋಡುತ್ತಿದ್ದರು. ಮಂಜುಶ್ರೀ ಟವಲಿನೊಳಗಿದ್ದುದನ್ನು ಬಗ್ಗಿ ನೋಡಿದಳು.

"ಬ್ಯಾಡ ಅಂತ ಏಳಿದ್ದೆ ತಾನೆ ಮಾವ?" ಅಂದಳು. ಅಷ್ಟೇ. ಟವಲಿನ ಸಮೇತ ಈಸಿಕೊಂಡು ಮನೆಗೆ ನಡೆದಳು.

ಹಿತ್ತಲಿನ ಕಲ್ಲಿನ ಮೇಲೆ ಕೂತು, ಲ್ಯಾಬಿನಲ್ಲಿ ಕೆಲಸ ಮಾಡುವ ಆ ತಾಳ್ಮೆಯ ಬೆರಳುಗಳಿಂದ ಕೊಳೆತ ಪದರಗಳನ್ನು ಒಂದೊಂದಾಗಿ ತೆಗೆದಳು. ಅಂಟಿದ್ದ ಮಣ್ಣನ್ನೂ ಚೂರು ಚೂರಾಗಿ ಬಿಡಿಸಿ ನೋಡಿದಳು. ಕೊನೆಗೆ ಬುಡದ ಪಕ್ಕದಲ್ಲಿ ಬೆಳ್ಳುಳ್ಳಿ ಎಸಳಿನಷ್ಟು ದಪ್ಪದ ಒಂದು ಮರಿಗಡ್ಡೆ ಉಳಿದಿತ್ತು. ಒತ್ತಿ ನೋಡಿದಳು, ಗಟ್ಟಿಯಾಗಿತ್ತು. ಅದನ್ನು ಒಲೆಯ ಬೂದಿಯಲ್ಲಿ ಹೊರಳಿಸಿ ಹತ್ತು ದಿನ ನೆರಳಿನಲ್ಲಿ ಒಣಗಿಸಿ, ಗರಸು ತುಂಬಿದ ಮಣ್ಣಿನ ಕುಂಡದಲ್ಲಿ ನೆಟ್ಟಳು. ಕುಂಡವನ್ನು ತೆಗೆದುಕೊಂಡು ಹೋಗಿ ತಾರಸಿಯ ಮೇಲಿಟ್ಟಳು. ನಮ್ಮವರಿಗೆ ಮಂಡಿನೋವು, ತಾರಸಿ ಮೆಟ್ಟಿಲು ಹತ್ತಲಾರರು. ಅದು ಅವಳಿಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ನನಗೆ ನಾಚಿಕೆಯಾಗುತ್ತದೆ. ಮಂಜುಶ್ರೀ ಮಾವನಿಗೆ ಊಟ ಬಡಿಸುತ್ತಿದ್ದಳು, ಮಾತ್ರೆ ನೆನಪಿಸುತ್ತಿದ್ದಳು, ಬೇರೆ ಮಾತಿಲ್ಲ. ಅವರು ಮೆಟ್ಟಿಲ ಕೆಳಗೆ ಕೂತು ಮೇಲೆ ನೋಡುತ್ತಿದ್ದರು. ಕರಿಬೇವಿಗೆ ನೀರು ಹಾಕುವುದನ್ನೂ ಬಿಟ್ಟರು. "ನನ್ನ ಕೈಗುಣ ಕೆಟ್ಟೋಗದೆ" ಎಂದು ಚೆಂಬನ್ನು ಮಗನ ಕೈಗೆ ಕೊಟ್ಟುಬಿಡುತ್ತಿದ್ದರು. ಸಿದ್ದೇಶ ಇಬ್ಬರ ನಡುವೆ ತಮಾಷೆ ಮಾಡಲು ಹೋಗಿ ಇಬ್ಬರಿಂದಲೂ ಬೈಸಿಕೊಂಡ. ಇದೆಲ್ಲ ನೋಡುತ್ತಾ ನಾನು ಅಕ್ಕಚ್ಚನ್ನು ಮೋರಿಗೆ ಚೆಲ್ಲಿ, ಬಾಯಿ ಮುಚ್ಚಿಕೊಂಡಿದ್ದೆ. ಸೊಸೆಯ ಕಣ್ಣಿನಲ್ಲಿ ಒಳ್ಳೆಯವಳಾಗಿ ಉಳಿಯುವ ಆಸೆ ಎಷ್ಟು ಕೆಟ್ಟದ್ದು ಅಂತ ಆಗ ತಿಳಿಯಿತು.

ಮೃಗಶಿರ ಮಳೆ ಹಿಡಿದು ನಾಲ್ಕು ದಿನವಾಗಿತ್ತು. ಭಾನುವಾರ ಬೆಳಿಗ್ಗೆ ಮಂಜುಶ್ರೀ ತಾರಸಿಯಿಂದ ಇಳಿದು ಬಂದು ನನ್ನ ಕೈ ಹಿಡಿದು ಎಳೆದಳು.

"ಅತ್ತೆ, ಬನ್ನಿ ಇಲ್ಲಿ. ನಿಮ್ಗೊಬ್ರಿಗೇ ತೋರುಸ್ತೀನಿ."

ಕುಂಡದ ನಡುವೆ ಒಂದು ಎಲೆ. ದರ್ಭೆಯ ಕಡ್ಡಿಯಷ್ಟು ಸಣ್ಣದು, ಎರಡು ಬೆರಳು ಎತ್ತರ. ಅವಳು ಅದನ್ನು ಮುಟ್ಟದೆ ಸುಮ್ಮನೆ ಬೆರಳು ಹತ್ತಿರ ಹಿಡಿದು, "ಊವು ಬರಕ್ಕೆ ಇನ್ನೂ ಮೂರ್ನಾಕು ವರ್ಸ ಬೇಕು. ಆದ್ರೂ ಬದುಕ್ಕತು ಕಣತ್ತೆ," ಅಂದಳು. ಕಣ್ಣು ತುಂಬಿತ್ತು. ನನಗೊಬ್ಬಳಿಗೇ ತೋರಿಸುತ್ತೇನೆ ಅಂದದ್ದು ನನ್ನ ಎದೆಯಲ್ಲಿ ಕಲ್ಲಿನ ಹಾಗೆ ಕೂತಿತು. ಇನ್ನು ತಡೆಯುವುದಕ್ಕಾಗಲಿಲ್ಲ.

"ಮಂಜಿ, ನಾನೂ ಆಕ್ದೆ ಕಣವ್ವ. ಅಕ್ಕಚ್ಚು. ನಿಮ್ಮಾವ ಒಬ್ನೇ ಅಲ್ಲ. ಕೊಳೆಯಕ್ಕೆ ನಾನೂ ಕಾರಣ."

ಅವಳು ತಿರುಗಿ ನೋಡಲಿಲ್ಲ. ಎಲೆಯನ್ನೇ ನೋಡುತ್ತಾ ಹೇಳಿದಳು.

"ಗೊತ್ತಿತ್ತು. ಗಡ್ಡೆ ಮಣ್ಣಲ್ಲೆಲ್ಲ ಅಕ್ಕಿನುಚ್ಚು ಇತ್ತು. ಮಾವ ಚೆಂಬಿನ ನೀರು ಬುಟ್ರೆ ನುಚ್ಚು ಎಲ್ಲಿಂದ ಬತ್ತದೆ?"

"ಮತ್ತೆ ಇಷ್ಟ್ ದಿನ ಯಾಕವ್ವ ಕೇಳ್ಲಿಲ್ಲ?"

"ಮಾವ ಬಸ್‌ಸ್ಟಾಪ್‌ಗೇ ಬಂದು ಏಳುದ್ರು. ನೀವು ಯಾವಾಗ ಏಳ್ತೀರಿ ಅಂತ ಕಾಯ್ತಿದ್ದೆ," ಅಂದಳು. "ಮಾವನ ಮ್ಯಾಲೆ ಮೊದ್ಲು ಕ್ವಾಪ ಬಂದಿದ್ದು ನಿಜ. ಈಗಿಲ್ಲ. ಕಣ್ಣೆದುರು ಇದ್ರೆ ಅವ್ರ ಕೈ ಸುಮ್ನಿರಕಿಲ್ಲ ಅಂತ ಮ್ಯಾಲಿಟ್ಟೆ. ಮಾವಂಗೆ ನೀವೇ ಏಳ್ಬೇಕು ಅತ್ತೆ. ನಾನೇಳಕಿಲ್ಲ."

ಇಳಿದು ಬಂದು ಗಂಡನಿಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬಾಯಿ ತೆರೆದು ನನ್ನನ್ನೇ ನೋಡಿದರು.

"ಅಂಗಾದ್ರೆ ನಾನೊಬ್ನೇ ಅಲ್ವಾ? ಅರ್ಧ ನಿಂದಾ?"

"ಅರ್ಧ ನಂದು."

"ಥೂ, ಪಾಪಿ! ಒಂದೂವರೆ ತಿಂಗ್ಳಿಂದ ನಿದ್ದೆ ಮಾಡಿಲ್ಲ ಕಣೆ ನಾನು!" ಎಂದು ಬೈದವರು ಅರ್ಧದಲ್ಲಿ ನಗುವುದಕ್ಕೆ ಶುರು ಮಾಡಿದರು, ನಗು ಹೋಗಿ ಅಳುವಾಯಿತು. ನಾನೂ ಅತ್ತುಬಿಟ್ಟೆ. ಸೊಸೆ ಕುಂಡವನ್ನು ಎದೆಗವುಚಿಕೊಂಡು ಕೆಳಗೆ ಬಂದು ಜಗಲಿಯ ಮೂಲೆಯಲ್ಲಿಟ್ಟಳು, ಮಾವ ಕೂರುವ ಜಾಗದ ಎದುರಿಗೇ.

ಅವತ್ತಿನಿಂದ ಆ ಕುಂಡಕ್ಕೆ ಲಿಂಗಯ್ಯನವರೇ ಕಾವಲು. ಜಗಲಿ ತೊಳೆಯುವಾಗ ಒಂದು ಹನಿ ಸಿಡಿದರೂ ನನ್ನ ಮೇಲೆ ಹಾರಾಡುತ್ತಿದ್ದರು. ಮಳೆ ಜಾಸ್ತಿಯಾದರೆ ಸೊಸೆಯನ್ನು ಕೇಳಿ ಒಳಗೆ ಸರಿಸುತ್ತಿದ್ದರು, ಬಿಸಿಲು ಬಂದರೆ ಕೇಳಿ ಹೊರಗಿಡುತ್ತಿದ್ದರು. ಮಣ್ಣು ಬಿರಿದಂತೆ ಕಂಡಾಗ ಅವರ ಬಲಗೈ ತಾನಾಗಿ ಚೆಂಬಿನ ಕಡೆ ಹೋಗುತ್ತಿತ್ತು. ಆಗ ಎಡಗೈಯಿಂದ ಅದನ್ನು ಹಿಡಿದುಕೊಂಡು ಕೂತುಬಿಡುತ್ತಿದ್ದರು. ತೂಬು ಎತ್ತುವುದು ಸುಲಭ ಕಣೆ, ಇಳಿಸಿಟ್ಟುಕೊಂಡು ಕೂರೋದೇ ಕಷ್ಟ ಎಂದು ಒಂದು ದಿನ ಅಂದರು.

ಈ ವರ್ಷದ ಮಾಳಯ ಅಮಾವಾಸ್ಯೆಗೆ ರಾಜೇಂದ್ರ ನಮ್ಮ ಮನೆಗೇ ಬಂದ. ಕುಂಡದಲ್ಲಿ ಈಗ ಮೂರು ಎಲೆ. ಅದರ ಮುಂದೆ ಬಾಳೆ ಎಲೆ ಹಾಕಿ ಪುಟ್ಟಮಾದಮ್ಮನಿಗೆ ಎಡೆ ಬಡಿಸಿದೆವು. ಮುದ್ದೆ, ಅವರೆಕಾಳು ಸಾರು, ಒಬ್ಬಟ್ಟು, ಅವರಿಗೆ ಇಷ್ಟವಂತೆ ಎಂದು ಒಂದು ಕಟ್ಟು ಎಲೆ ಅಡಿಕೆ. ಎಲ್ಲ ಆದ ಮೇಲೆ ಎಡೆಯ ಪಕ್ಕ ಒಂದು ಲೋಟ ನೀರು ಇಡಬೇಕು. ಸತ್ತವರು ಉಂಡ ಮೇಲೆ ನೀರು ಕುಡಿಯುತ್ತಾರೆ.

ಮಂಜುಶ್ರೀ ಲೋಟ ತುಂಬಿ ತಂದವಳು ನಿಂತಳು. ಗೋಡೆಗೆ ಒರಗಿ ಕೈ ಕಟ್ಟಿಕೊಂಡಿದ್ದ ಮಾವನ ಹತ್ತಿರ ಹೋಗಿ ಲೋಟ ಚಾಚಿದಳು.

"ಅವ್ವಂಗೆ ನೀರು ನೀವಿಡಿ ಮಾವ."

"ನಾನಾ? ಬ್ಯಾಡ ಕಣವ್ವ. ನಾನು ಮುಟ್ಟಕಿಲ್ಲ."

"ಗಿಡುಕ್ಕಲ್ಲ ಮಾವ, ಅವ್ವಂಗೆ. ನಮ್ಮೂರಲ್ಲಿ ಅವ್ಳು ನೀರಿಗೆ ಎರಡು ಮೈಲಿ ನಡೀತಿದ್ಲು. ನಿಮ್ಮ ಕೈಲಿ ಒಂದು ಲೋಟ ಕುಡೀಲಿ."

ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದರು. ನೋವಿನ ಮಂಡಿ ಮಡಿಸಿ ಕೂತು, ಕುಂಡದಿಂದ ಒಂದು ಮೊಳ ದೂರಕ್ಕೆ, ಒಂದು ಹನಿಯೂ ತುಳುಕದ ಹಾಗೆ ಇಟ್ಟರು. ಆಮೇಲೆ ಬಹಳ ಹೊತ್ತು ಕೈ ಮುಗಿದುಕೊಂಡೇ ಇದ್ದರು.

ಎಡೆ ತೆಗೆದ ಮೇಲೆ ಲೋಟದ ನೀರನ್ನು ಹತ್ತಿರದ ಗಿಡದ ಬುಡಕ್ಕೆ ಹಾಕುವುದು ನಮ್ಮಲ್ಲಿ ರೂಢಿ. ರೂಢಿಯಂತೆ ನಾನು ಕೈ ಚಾಚಿದೆ, ಹತ್ತಿರವಿದ್ದದ್ದು ಆ ಕುಂಡವೇ. ಲಿಂಗಯ್ಯನವರು ನನಗಿಂತ ಮೊದಲೇ ಲೋಟ ಎತ್ತಿಕೊಂಡು, ನಮ್ಮೆಲ್ಲರ ಎದುರು ನಿಂತು ಪೂರ್ತಿ ಕುಡಿದರು.